ಅಂಗಡಿಯ ಬಾಕಿ ಪುಟ: ಒಬ್ಬ ಸಭಾ ಖಜಾಂಚಿಯ ಅನುಭವ

ನಮ್ಮ ಚರ್ಚಿನ ಸಭೆಗೆ ಖಜಾಂಚಿಯಾಗಿ ಒಂಬತ್ತು ವರ್ಷ ಆಯ್ತು. ರಸೀದಿ, ವೋಚರು, ಆಡಿಟ್ ನಿಮಗೆ ಗೊತ್ತಿರುವುದೇ, ಬಿಡಿ. ನಾನು ಹೇಳುವುದು ಸಭೆಯ ಪುಸ್ತಕದಲ್ಲಿ ಇಲ್ಲದ, ನಮ್ಮ ಸಭೆಯವರು ಅಂಗಡಿಯಲ್ಲಿ ಮಾಡಿದ ಸಾಲದ ಬಗ್ಗೆ. ಅದು ತೀರುವುದಿಲ್ಲ, ಸುಮ್ನೆ ಮೈಮೇಲೆ ಎಳೆದುಕೊಳ್ಳಬೇಡಿ ಅಂತ ಕಮಿಟಿಯಲ್ಲಿ ಎಲ್ಲರೂ ಹೇಳಿದ್ದರು. ತೀರಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಕಡೆಯ ಸಭೆ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದ್ದು, ಸುಮಾರು 70 ಮನೆ. ಒಂದು ಸಲ ಬೆಳೆ ಹಬ್ಬದ (ಬೆಳೆದದ್ದನ್ನು ಚರ್ಚಿಗೆ ತಂದು ಅರ್ಪಿಸುವ ಹಬ್ಬ) ಊಟಕ್ಕೆ ಅಕ್ಕಿ ಹೇಳಲು ದಿನಸಿ ಅಂಗಡಿಗೆ ಹೋದೆ. "ನಗದು ಇದ್ರೆ ಕೊಡ್ತೇನೆ ಮಾರಾಯ್ರೆ, ನಿಮ್ಮವರಿಗೆ ಸಾಲ ಇಲ್ಲ" ಅಂದರು. ಕಾರಣ ಕೇಳಿದ್ದಕ್ಕೆ ಲೆಕ್ಕದ ಉದ್ದ ಪುಸ್ತಕ ನನ್ನ ಕಡೆ ತಿರುಗಿಸಿದರು. ಬೇರೆ ಗಿರಾಕಿಗಳಿಗೆ ಅವರವರ ಹೆಸರಲ್ಲಿ ಒಂದೊಂದು ಪುಟ. ನಮಗೆ ಮಾತ್ರ ಎಲ್ಲರಿಗೂ ಸೇರಿ ಒಂದೇ ಪುಟ, ಮೇಲೆ ನೀಲಿ ಶಾಯಿಯಲ್ಲಿ 'ಚರ್ಚು' ಅಂತ ಬರೆದು ಎರಡು ಗೆರೆ ಎಳೆದಿದ್ದರು. ಆರು ಜನರ ಬಾಕಿ, ಒಟ್ಟು 43 ಸಾವಿರದ ಹತ್ತಿರ. ಅದರಲ್ಲಿ 26 ಸಾವಿರ ಒಬ್ಬರದ್ದೇ. ಭಾನುವಾರ ಚರ್ಚಿನಲ್ಲಿ ಮುಂದೆ ನಿಂತು ಬೈಬಲಿನ ವೇದಪಾಠ ಓದುವವರದ್ದು.

ನನ್ನ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿದ್ದವರು. 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಮಿಷನ್ನಿನವರು ಶುರು ಮಾಡಿದ್ದು. ಪ್ರತಿ ಹೆಂಚಿನ ಮೇಲೂ ಮಿಷನ್ನಿನ ಹೆಸರಿನ ಅಚ್ಚು ಇರುತ್ತಿತ್ತು, ಒಂದು ಸೋರಿದರೂ ಬೈಗುಳ ಮಿಷನ್ನಿಗೇ ಅನ್ನುತ್ತಿದ್ದರು ಅವರು. ಆ ಪುಟ ನೋಡಿದಾಗ ಅದೇ ನೆನಪಾಯಿತು. ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದು ತಪ್ಪು ಕೆಲಸ. ಸಭೆಯ ಹೆಸರು ಉಳಿಯಲಿ ಅಂತ ಕೈಯಿಂದ 11 ಸಾವಿರ ಕಟ್ಟಿದೆ. ಮಗಳ ಫೀಸಿಗೆ ಇಟ್ಟ ಹಣ ಅದು, ಮನೆಯಲ್ಲಿ ತುಂಬಾ ದಿನ ಮಾತಿಲ್ಲ. ಮೂರು ತಿಂಗಳಲ್ಲಿ ಅದೇ ಜನ ಮತ್ತೆ ಆರೇಳು ಸಾವಿರ ಬೇರೆ ಅಂಗಡಿಯಲ್ಲಿ ಬರೆಸಿದ್ದರು! ಆಮೇಲೆ ನಮ್ಮ ಪಾದ್ರಿ ಅಯ್ಯನವರಿಗೆ ಹೇಳಿ ಬೈಬಲಿನ ಆಕಾನನ ಮೇಲೆ ಪ್ರಸಂಗ (ಉಪದೇಶ) ಮಾಡಿಸಿದೆ. ಅವನೊಬ್ಬ ಕೊಳ್ಳೆಯ ಮಾಲು ಬಚ್ಚಿಟ್ಟದ್ದಕ್ಕೆ ಇಡೀ ಇಸ್ರಾಯೇಲು ಆಯಿ ಎಂಬ ಊರಿನ ಯುದ್ಧದಲ್ಲಿ ಸೋತದ್ದು. ಪ್ರಸಂಗ ಚೆನ್ನಾಗಿತ್ತು, ಆದರೆ ಎಲ್ಲರ ಕಣ್ಣು ಆ 26 ಸಾವಿರದವರ ಬೆಂಚಿನ ಮೇಲೆ. ಆ ಮನೆಯವರು ನಾಲ್ಕು ತಿಂಗಳು ಬರಲಿಲ್ಲ, ಬಾಕಿ ಹಾಗೇ ಉಳಿಯಿತು.

ಕೊನೆಗೆ ಬೈಬಲಿನ ಮತ್ತಾಯ 18ರಲ್ಲಿ, ತಪ್ಪು ಮಾಡಿದ ಸಹೋದರನ ವಿಷಯದಲ್ಲಿ ಇರುವ ಹಾಗೇ ಮಾಡಿದೆ. ಮೊದಲು ಒಬ್ಬನೇ ಹೋಗುವುದು, ಇಬ್ಬರೇ ಮಾತಾಡುವುದು. ನಾವು ಅದನ್ನು ಬಾಯಿಪಾಠ ಹೇಳುತ್ತೇವೆ, ಮಾಡುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ. ಮೂರು ಗುರುವಾರ ಅವರ ಮನೆಯಲ್ಲಿ ಚಾ ಕುಡಿದು ಬಂದೆ, ಹಣದ ಮಾತೇ ಇಲ್ಲ. ನಾಲ್ಕನೇ ಸಲ ಅವರೇ ಬಾಯಿ ಬಿಟ್ಟರು. ಪೇಂಟಿಂಗ್ ಗುತ್ತಿಗೆ ಕೈಕೊಟ್ಟಿತ್ತು, ನಾಚಿಕೆಯಲ್ಲಿ ಅಂಗಡಿಯ ರಸ್ತೆಯಲ್ಲೇ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಾನು ಮೊದಲು ಏನು ಹೇಳಿದೆ ಅಂತ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕಿದರೆ ಹೇಳುತ್ತೇನೆ, ಅದರಲ್ಲೇ ಅರ್ಧ ಕೆಲಸ ಇದೆ.

ವಾರಕ್ಕೆ 500 ಅಂತ ಒಪ್ಪಿದರು. ಶನಿವಾರ ಸಂಜೆ ಜೊತೆಗೆ ನಡೆದು ಹೋಗುತ್ತಿದ್ದೆ, ಆದರೆ ಅಂಗಡಿಯ ಜಗಲಿ ಹತ್ತುತ್ತಿರಲಿಲ್ಲ. ಹಣ ಅವರ ಕೈಯಿಂದಲೇ ಹೋಗಬೇಕು. ಸಭೆಯೇ ಹಣ ಕಟ್ಟಿದರೆ ಆ ಪುಟದ 'ಚರ್ಚು' ಅನ್ನುವ ಹೆಸರು ಬದಲಾಗುವುದಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಕೆಲಸ ಇರಲಿಲ್ಲ, ಆಗ ಬರಿಗೈಯಲ್ಲೇ ಹೋಗಿ "ಈ ವಾರ ಇಲ್ಲ" ಅಂತ ಹೇಳಿ ಬರುತ್ತಿದ್ದರು. ಅಂಗಡಿಯವರಿಗೆ ಹಣಕ್ಕಿಂತ ಆ ಮಾತು ಜಾಸ್ತಿ ಹಿಡಿಸಿತು ಅಂತ ನನ್ನ ಲೆಕ್ಕ. 14 ತಿಂಗಳಲ್ಲಿ ತೀರಿತು. ಉಳಿದ ಐದು ಜನ ಅವರನ್ನು ನೋಡಿಯೇ ಕಟ್ಟಿದರು, ನಾನು ಹೋದದ್ದು ಇಬ್ಬರ ಮನೆಗೆ ಮಾತ್ರ.

ಇದರ ಮಧ್ಯೆ ಬೆಳೆ ಹಬ್ಬದಲ್ಲಿ ಅರ್ಪಿಸಿದ ವಸ್ತುಗಳ ಏಲಂಗೂ ಕೈ ಹಾಕಿದೆ, ಅಲ್ಲೂ ಸಾಲವೇ. ಜೋರಾಗಿ ಕೂಗಿ 60 ಸಾವಿರದವರೆಗೆ ಏರಿಸುವುದು, ಕೈಗೆ ಬರುವುದು 35ರ ಹತ್ತಿರ. ಒಂದು ವರ್ಷ ನಗದು ಮಾತ್ರ ಅಂದೆ. 2,000ಕ್ಕೆ ಹೋಗುತ್ತಿದ್ದ ಬಾಳೆಗೊನೆ 400ಕ್ಕೆ ನಿಂತಿತು, ಹಿರಿಯರು ಸಿಟ್ಟಾದರು. ಒಟ್ಟು 41 ಸಾವಿರ, ಅದೇ ದಿನ ಪೆಟ್ಟಿಗೆಯಲ್ಲಿ. ಆಮೇಲೆ ಯಾರೂ ಮಾತಾಡಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಕುಸ್ವಾರಿಗೆ (ಕ್ರಿಸ್ಮಸ್ ತಿಂಡಿಗಳಿಗೆ) ಮೈದಾ, ಸಕ್ಕರೆ ತರಲು ಅದೇ ಅಂಗಡಿಗೆ ಹಣ ಹಿಡಿದುಕೊಂಡೇ ಹೋದೆ. "ಹಬ್ಬ ಮುಗಿಸಿ ಕೊಡಿ" ಅಂದರು. ಪುಸ್ತಕ ತೆರೆದು ಹೊಸ ಪುಟದಲ್ಲಿ ನನ್ನ ಹೆಸರು ಬರೆದುಕೊಂಡರು.