ಯೂರಿಯಾ ಬಿಟ್ಟ ತೆಂಗಿನ ತೋಟ: ನನ್ನ ಅನುಭವ

ತಿಪಟೂರು ಕಡೆ ನಮ್ಮದು ಎರಡು ಎಕರೆ ತೆಂಗು, ಎಂಬತ್ತು ಮರ. ಆರೇಳು ವರ್ಷದಿಂದ ಒಂದು ಕಾಳು ಯೂರಿಯಾ ಹಾಕಿಲ್ಲ, ಟ್ರ್ಯಾಕ್ಟರ್ ಒಳಗೆ ಬಿಟ್ಟಿಲ್ಲ. ಈಗ ಮರಕ್ಕೆ ಸರಾಸರಿ ತೊಂಬತ್ತರ ಹತ್ತಿರ ಕಾಯಿ ಬರುತ್ತಿದೆ. "ತೋಟ ಪಾಳು ಬಿಟ್ಟೆಯಲ್ಲೋ" ಅಂತ ಬೈದಿದ್ದ ದೊಡ್ಡಪ್ಪನೇ ಹೋದ ಮಳೆಗಾಲದಲ್ಲಿ ಬಂದು ನಾನು ಯೂರಿಯಾ ಬದಲು ಸೊಪ್ಪಿನ ಗೊಬ್ಬರಕ್ಕೆ ಬೆಳೆಸಿರುವ ಗ್ಲಿರಿಸೀಡಿಯಾ ಗಿಡದ ಕಡ್ಡಿ ಕಡಿದುಕೊಂಡು ಹೋದರು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ ಅಂತ ಶಿಫಾರಸು. ಎಕರೆಗೆ 40 ಮರ ಅಂದರೆ 20 ಕೆಜಿ. 45 ಕೆಜಿಯ ಒಂದು ಮೂಟೆ ಯೂರಿಯಾದಲ್ಲಿ ಇರುವುದೂ ಹೆಚ್ಚುಕಮ್ಮಿ ಅಷ್ಟೇ. ಅಷ್ಟನ್ನು ಸೊಪ್ಪಿನಿಂದ ತೆಗೆಯಬೇಕೆಂದರೆ ಸುಮಾರು ಮೂರು ಟನ್ ಹಸಿ ಸೊಪ್ಪು ಬೇಕು. ನಮ್ಮ ಬಾಮೈದ ಕೇಳಿದ್ದೂ ಇದನ್ನೇ: "266 ರೂಪಾಯಿ ಮೂಟೆ ಉಳಿಸೋಕೆ ಮೂರು ಟನ್ ಹೊರ್ತೀರಾ ಭಾವ?"

ಮೂಟೆಯ ಬೆಲೆಯೊಂದನ್ನೇ ನೋಡಿದರೆ ಅವನು ಹೇಳಿದ್ದು ಸರಿ. ಆದರೆ ಯೂರಿಯಾ ಕೊಡುವುದು ಸಾರಜನಕ ಮಾತ್ರ. ಗ್ಲಿರಿಸೀಡಿಯಾ ಗಾಳಿಯಿಂದ ಸಾರಜನಕವನ್ನೂ ಹಿಡಿಯುತ್ತದೆ, ಇಂಗಾಲವನ್ನೂ ಹಿಡಿಯುತ್ತದೆ, ಎರಡನ್ನೂ ತಂದು ಮಣ್ಣಿಗೆ ಹಾಕುತ್ತದೆ. ಖರ್ಚಾಗುವುದು ಬಿಸಿಲು. ವಯಸ್ಸಾದ ತೆಂಗಿನ ತೋಟದಲ್ಲಿ ಅರ್ಧದಷ್ಟು ಬಿಸಿಲು ನೆಲಕ್ಕೇ ಬೀಳುತ್ತದೆ, ಅಲ್ವಾ? ಮೊದಲು ಆ ಬಿಸಿಲು ನಮ್ಮ ಮಣ್ಣನ್ನು ಸುಮ್ನೆ ಕಾಯಿಸುತ್ತಿತ್ತು, ಈಗ ಎಲೆಗೆ ಬಿದ್ದು ಸೊಪ್ಪಾಗುತ್ತಿದೆ.

ಶುರುವಿನಲ್ಲಿ ದುಡ್ಡು ಚೆನ್ನಾಗಿಯೇ ಹೋಯಿತು. ಬೇಸಿಗೆಯ ಬಾಯಲ್ಲಿ ಡ್ರಿಪ್ ನಂಬಿ ನೆಟ್ಟ ಕಡ್ಡಿಗಳಲ್ಲಿ ಮುಕ್ಕಾಲು ಪಾಲು ಒಣಗಿದವು, ಕೂಲಿಯೇ ನಾಲ್ಕೈದು ಸಾವಿರ. ಜೂನ್‌ನಲ್ಲಿ ಮತ್ತೆ ನೆಟ್ಟರೆ ಊರ ಮೇಕೆಗಳು ತೊಗಟೆ ಸುಲಿದವು. ತಂತಿ ಬೇಲಿಗೆ ಹನ್ನೆರಡು ಸಾವಿರ ಕೊಟ್ಟ ಮೇಲೆ ಗಿಡ ನಿಂತಿತು. ಅಷ್ಟರಲ್ಲಿ ಸೊಪ್ಪು ಸಾಲದೆ ಒಣಗರಿ, ಮಟ್ಟೆಯನ್ನೇ ಪಾತಿಗೆ ತುಂಬಿದ್ದೆವು. ಮರಗಳು ಹಳದಿಗೆ ತಿರುಗಿದವು. ಒಣಕಸ ಕೊಳೆಸುವಾಗ ಸೂಕ್ಷ್ಮಜೀವಿಗಳು ಮಣ್ಣಲ್ಲಿರುವ ಸಾರಜನಕವನ್ನು ಮೊದಲು ತಾವು ತಿನ್ನುತ್ತವೆ, ಮರಕ್ಕೆ ಉಳಿಯುವುದಿಲ್ಲ. ಹರಳು, ಅಂದರೆ ಎಳೆ ಕಾಯಿ, ಉದುರಿ ಮರಕ್ಕೆ ಅರವತ್ತು ಇದ್ದ ಕಾಯಿ ನಲವತ್ತೈದಕ್ಕೆ ಬಂತು. ಆ ಎರಡು ವರ್ಷ ಊರಲ್ಲಿ ತಲೆ ಎತ್ತಿ ಓಡಾಡುವುದೇ ಕಷ್ಟವಾಗಿತ್ತು.

ಈಗ ಕ್ರಮ ಹೀಗೆ. ವರ್ಷಕ್ಕೆ ಮೂರು ಸಲ ಕಡಿತ. ಹಸಿ ಸೊಪ್ಪು ಕೆಳಗೆ, ಒಣಗರಿ ಮೇಲೆ, ಅದೂ ಕಡಿದ ದಿನವೇ. ಸೊಪ್ಪನ್ನು ಬಿಸಿಲಿಗೆ ಬಿಟ್ಟರೆ ಸಾರಜನಕದಲ್ಲಿ ಒಂದು ಪಾಲು ಮತ್ತೆ ಗಾಳಿಗೇ ಹೋಗುತ್ತದೆ. ಪೊಟ್ಯಾಷ್‌ಗೆ ಮಾತ್ರ ಸೊಪ್ಪು ಸಾಲುವುದಿಲ್ಲ, ತೆಂಗಿಗೆ ಮರಕ್ಕೆ ವರ್ಷಕ್ಕೆ 1,200 ಗ್ರಾಂ ಬೇಕು. ಅದಕ್ಕೆ ಸಾಲಿನ ಮಧ್ಯೆ ಚರಂಡಿ ತೆಗೆದು ಕಾಯಿಮಟ್ಟೆ ಹೂಳುತ್ತೇನೆ, ಜೊತೆಗೆ ಒಲೆ ಬೂದಿ.

ಮಧ್ಯೆ ಅಲಸಂದೆಯನ್ನೂ ಚೆಲ್ಲಿ ನೋಡಿದೆ. ಹೂ ಬರುವ ಹೊತ್ತಿಗೆ ಗಿಡ ಕಿತ್ತು ಬೇರಿನ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಮಾಂಸದ ಹಾಗೆ ಕೆಂಪಗಿದ್ದರೆ ಗಾಳಿಯಿಂದ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ ಅಂತ. ಬೂದು ಬಣ್ಣ ಇದ್ದರೆ ಇಲ್ಲ. ಹಳೇ ಟ್ರ್ಯಾಕ್ಟರ್ ದಾರಿಯಲ್ಲಿ ಮಣ್ಣು ಬಿಗಿದು ಬೇರಿಗೆ ಗಾಳಿಯೇ ಇರಲಿಲ್ಲ, ಅಲ್ಲಿ ಸಾಸಿವೆಯಷ್ಟು ಬೂದು ಗಂಟು. ಹತ್ತು ಹೆಜ್ಜೆ ಆಚೆ, ಎರೆಹುಳ ಓಡಾಡುವ ಕಡೆ, ಮೆಣಸಿನ ಕಾಳಿನಷ್ಟು ಕೆಂಪು ಗಂಟು. ಉಳುಮೆ ನಿಲ್ಲಿಸಿದ್ದು ಸರಿ ಅಂತ ನನಗೆ ಪೂರ್ತಿ ನಂಬಿಕೆ ಬಂದಿದ್ದು ಅವತ್ತು.

ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡ ಅಜೋಲಾ ಕೂಡ ಮಾಡಿದೆ. ಟಾರ್ಪಾಲಿನ್ ಗುಂಡಿಯಲ್ಲಿ ಮಳೆಗಾಲ ಪೂರ್ತಿ ಹಸುಗಳಿಗೆ ದಿನಾ ಬುಟ್ಟಿ ಬುಟ್ಟಿ ಸಿಕ್ಕಿತು, ಏಪ್ರಿಲ್ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿ ಕೊಳೆಯಿತು. ನೆರಳುಪರದೆಗೆ ದುಡ್ಡು ಹಾಕಲು ಮನಸ್ಸಾಗದೆ ಬಿಟ್ಟೆ. ಗೋಬರ್ ಗ್ಯಾಸ್ ಮಾತ್ರ ಬಿಡಬೇಡಿ. 2 ಘನ ಮೀಟರಿನದಕ್ಕೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಐದು ಜನರ ಅಡುಗೆ ಆಗುತ್ತದೆ, ಚಳಿಗಾಲದಲ್ಲಿ ಸ್ವಲ್ಪ ಕಮ್ಮಿ. ಉರಿಯುವುದು ಇಂಗಾಲ ಮತ್ತು ಜಲಜನಕ, ಸಾರಜನಕ ಹೆಚ್ಚುಕಮ್ಮಿ ಎಲ್ಲಾ ಗುಂಡಿಯಿಂದ ಹೊರಬರುವ ಬಗ್ಗಡದಲ್ಲೇ ಉಳಿಯುತ್ತದೆ. ಆ ಬಗ್ಗಡವನ್ನು ಸೊಪ್ಪಿನ ಮೇಲೆ ಹೊಯ್ದರೆ ಕೊಳೆಯುವ ವೇಗವೇ ಬೇರೆ.

ಮೊದಲು ಉಳುಮೆ, ಗೊಬ್ಬರ, ಕೆರೆಗೋಡು (ಕೆರೆಯ ಹೂಳು ಮಣ್ಣು) ಸೇರಿ ವರ್ಷಕ್ಕೆ ಮೂವತ್ತೈದು ನಲವತ್ತು ಸಾವಿರ ಆಗುತ್ತಿತ್ತು. ಈಗ ಸೊಪ್ಪು ಕಡಿಯುವ ಕೂಲಿ, ಕಳೆ ಯಂತ್ರದ ಪೆಟ್ರೋಲ್, ಎಲ್ಲಾ ಸೇರಿ ಹದಿನೈದರ ಒಳಗೆ. ಸೊಪ್ಪು ಗರಿಯ ಹೊದಿಕೆ ಮಣ್ಣಿನ ತೇವ ಹಿಡಿದಿಡುವುದರಿಂದ ಮೂರು ದಿನಕ್ಕೊಮ್ಮೆ ಬಿಡುತ್ತಿದ್ದ ನೀರು ಆರೇಳು ದಿನಕ್ಕೊಮ್ಮೆ ಸಾಕು. ಬಾಮೈದನಿಗೆ ನನ್ನ ಉತ್ತರ ಇದೇ, ಬೋರ್‌ವೆಲ್ಲಿನಲ್ಲಿ ಉಳಿದ ನೀರಿನ ಮುಂದೆ ಯೂರಿಯಾ ಬೆಲೆ ಯಾವ ಲೆಕ್ಕ? 2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಾಗ ಅಕ್ಕಪಕ್ಕದವರು ಗೊಬ್ಬರದ ಸಾಲ ತೀರಿಸಲು ಒದ್ದಾಡಿದರು, ನನಗೆ ಆ ಸಾಲವೇ ಇರಲಿಲ್ಲ.

ಕಡ್ಡಿ ನೆಡುವವರು ವರ್ಷ ದಾಟಿದ, ಹೆಬ್ಬೆರಳಿಗಿಂತ ದಪ್ಪ ಇರುವುದನ್ನೇ ಆರಿಸಿ, ಮಳೆ ಹಿಡಿದ ಮೇಲೆ ನೆಡಿ. ನೆಡುವ ಮುಂಚೆ ಬುಡವನ್ನು ನಾನು ಒಂದು ರಾತ್ರಿ ಅದ್ದಿಡುವ ನೀರಿನಲ್ಲಿ ಬಗ್ಗಡದ ಜೊತೆ ಇನ್ನೆರಡು ವಸ್ತು ಇವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.