ಬೀಪ್ ಅನ್ನುತ್ತಿದ್ದ ಹಾರ್ಡ್ ಡ್ರೈವ್ ಓದಿಸಿದ್ದು: ನನ್ನ ಅನುಭವ

ಕ್ಲೀನ್ ರೂಮ್ (ದೂಳಿಲ್ಲದ ಕೋಣೆ) ಇಲ್ಲದೆ ಹಾರ್ಡ್ ಡ್ರೈವಿನ ಮುಚ್ಚಳ ತೆಗೆದರೆ ಡೇಟಾಗೆ ಎಳ್ಳುನೀರು ಬಿಟ್ಟ ಹಾಗೆ ಎಂದು ನನಗೆ ಹೇಳದವರಿಲ್ಲ. ಕೆಟ್ಟ ಡ್ರೈವಿನಿಂದ ಡೇಟಾ ತೆಗೆಯುವ ಈ ಕೆಲಸದಲ್ಲಿ ನನಗಿಂತ ಹಳಬರೂ ಅದನ್ನೇ ಹೇಳಿದರು. ಅಂಥ ಡ್ರೈವಿನಿಂದ, ಬಳಕೆಯಲ್ಲಿದ್ದ ಜಾಗದ ನೂರಕ್ಕೆ 98ರಷ್ಟು ಈಗ ಹೊರಗೆ ಬಂದಿದೆ. ಮುಚ್ಚಳ ತೆಗೆದ ಕ್ಷಣಕ್ಕೆ ಡ್ರೈವ್ ಸಾಯುವುದಿಲ್ಲ. ಸೋತ ಹೆಡ್ಡನ್ನು (ಡೇಟಾ ಓದುವ ಪುಟ್ಟ ಭಾಗ) ಕೆಟ್ಟ ಜಾಗದ ಮೇಲೆ ಮತ್ತೆ ಮತ್ತೆ ಉಜ್ಜಿಸುವುದರಿಂದ ಸಾಯುತ್ತದೆ.

ಡ್ರೈವು 1 ಟಿಬಿಯದು, ಎರಡೂವರೆ ಇಂಚು. ಒಂದು ಪ್ಲ್ಯಾಟರ್ (ಡೇಟಾ ಇರುವ ತಟ್ಟೆ), ಅದರ ಎರಡು ಮೈಗೆ ಎರಡು ಹೆಡ್. ಓಡುತ್ತಿದ್ದಾಗಲೇ ಮೇಜಿನಿಂದ ಬಿದ್ದಿತ್ತು. ಗೆಳೆಯ ವರ್ಷಗಟ್ಟಲೆ ರೆಕಾರ್ಡ್ ಮಾಡಿದ ಹಕ್ಕಿಗಳ ದನಿಯೆಲ್ಲ ಅದರಲ್ಲಿತ್ತು, ಬೇರೆ ಪ್ರತಿ ಇರಲಿಲ್ಲ. ಪವರ್ ಕೊಟ್ಟರೆ ಕ್ಲಿಕ್ ಇಲ್ಲ, ಸಣ್ಣಗೆ ಬೀಪ್ ಅಂದು ಸುಮ್ಮನಾಗುತ್ತಿತ್ತು. ಅದು ತಿರುಗಲಾರದೆ ಹೆಣಗುವ ಮೋಟರಿನ ಸದ್ದು ಎಂದು ನಿಮಗೆ ಹೇಳಬೇಕಿಲ್ಲ. ಬೇರಿಂಗ್ ಹಿಡಿದಿರಬೇಕು, ಇಲ್ಲವೇ ಹೆಡ್‌ಗಳು ರ‍್ಯಾಂಪಿಗೆ (ಪ್ಲ್ಯಾಟರಿನ ಹೊರಗೆ ಹೆಡ್ ತಂಗುವ ಜಾಗ) ಮರಳದೆ ಪ್ಲ್ಯಾಟರಿಗೆ ಅಂಟಿರಬೇಕು. ಓಡುವಾಗ ಬಿದ್ದದ್ದೆಂದರೆ ಹೆಚ್ಚಾಗಿ ಎರಡನೆಯದೇ.

ಮೊದಲು ರಿಕವರಿ ಲ್ಯಾಬಿನವರನ್ನೇ ಕೇಳಿದ್ದು. ಹೊಸ ಡ್ರೈವಿನ ಬೆಲೆಯ ಹತ್ತು ಹನ್ನೆರಡು ಪಟ್ಟು ಹೇಳಿದರು, ಗ್ಯಾರಂಟಿ ಇಲ್ಲ. ಗೆಳೆಯನ ಕೈಲಿ ಅಷ್ಟು ಆಗುತ್ತಿರಲಿಲ್ಲ. ನನಗೆ ಎಲ್ಲ ಸೇರಿ ಮೂರು ಹೊಸ ಡ್ರೈವಿನಷ್ಟು ಖರ್ಚಾಯಿತು. ಅದರಲ್ಲಿ ಒಂದು ಇಮೇಜ್ (ಡ್ರೈವಿನ ಯಥಾಪ್ರತಿ) ಇಳಿಸಿಕೊಳ್ಳಲು ಬೇಕೇ ಬೇಕಿದ್ದ ಡ್ರೈವ್. ಇನ್ನೊಂದು ಅದೇ ಮಾಡೆಲಿನ ಡೋನರ್ (ಬಿಡಿಭಾಗಕ್ಕೆಂದು ತಂದ ಡ್ರೈವ್), ಅದನ್ನು ಇನ್ನೂ ಬಿಚ್ಚಿಲ್ಲ. ಉಳಿದದ್ದು ದೂಳಿಲ್ಲದ ಪೆಟ್ಟಿಗೆ ಮಾಡಿಕೊಳ್ಳಲು ಹೆಪಾ ಫಿಲ್ಟರ್ (ಸಣ್ಣ ದೂಳನ್ನೂ ಹಿಡಿಯುವ ಸೋಸಕ), ಫ್ಯಾನ್, ಅಕ್ರಿಲಿಕ್ ಪೆಟ್ಟಿಗೆ ಮತ್ತು ಅಭ್ಯಾಸಕ್ಕೆ ತಂದ ಗುಜರಿ ಡ್ರೈವ್‌ಗಳು.

ಗುಜರಿ ಡ್ರೈವ್‌ಗಳ ಮೇಲೆ ಹಾಕಿದ ದುಡ್ಡೇ ಎಲ್ಲಕ್ಕಿಂತ ಸಾರ್ಥಕ. ಹೆಡ್‌ಗಳನ್ನು ಬೇಕೆಂದೇ ಪ್ಲ್ಯಾಟರ್ ಮೇಲೆ ಕೂರಿಸಿ ಬಿಡಿಸುವುದನ್ನು ಅವುಗಳಲ್ಲೇ ಕಲಿತೆ. ಹೆಡ್ ಹೊತ್ತ ತೋಳನ್ನು ನೇರವಾಗಿ ಹೊರಕ್ಕೆ ಎಳೆದ ಡ್ರೈವ್‌ಗಳಲ್ಲಿ ಸ್ಲೈಡರ್ (ಹೆಡ್ ಕೂತಿರುವ ಚೂರು) ಕಿತ್ತುಬಂತು, ಇಲ್ಲವೇ ಅದನ್ನು ಹಿಡಿದ ತೆಳು ಪಟ್ಟಿ, ಸಸ್ಪೆನ್ಶನ್, ಸೊಟ್ಟಗಾಯಿತು. ಪ್ಲ್ಯಾಟರನ್ನು ಅದು ತಿರುಗುವ ದಿಕ್ಕಿಗೇ ನಡುವಿನ ಸ್ಕ್ರೂ ಹಿಡಿದು ನಿಧಾನ ತಿರುಗಿಸುತ್ತ, ಅದೇ ಹೊತ್ತಿಗೆ ತೋಳನ್ನು ರ‍್ಯಾಂಪಿನತ್ತ ಸರಿಸಿದರೆ ಬಿಡುತ್ತದೆ. ಹಿಂದಕ್ಕೆ ತಿರುಗಿಸಲೇಬಾರದು. ಎರಡು ಹೆಡ್ ಒಂದಕ್ಕೊಂದು ತಾಗದ ಹಾಗೆ ನಡುವೆ ಏನು ಇಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಕಂಡುಕೊಳ್ಳಲು ನನಗೆ ಬಹಳ ಡ್ರೈವ್ ಹಿಡಿದಿವೆ.

ಅಭ್ಯಾಸದ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಚೆನ್ನಾಗಿ ಓಡುತ್ತಿದ್ದ ಹಳೆ ಡ್ರೈವೊಂದನ್ನು ಪೆಟ್ಟಿಗೆಯೊಳಗೆ ಮುಚ್ಚಳವಿಲ್ಲದೆ ಓಡಿಸಿ ಕಾಪಿಗೆ ಹಚ್ಚಿದೆ. ಶುರುವಿನಲ್ಲಿ ಬರೀ ಎರರ್. ದೂಳು ಅಂದುಕೊಂಡರೆ ದೂಳಲ್ಲ. ಆ ಡ್ರೈವಿನಲ್ಲಿ ತೋಳಿನ ಪಿವಟ್ಟಿನ (ತಿರುಗುವ ಕೀಲಿನ) ಮೇಲ್ತುದಿಯನ್ನು ಬಿಗಿಹಿಡಿಯುವ ಸ್ಕ್ರೂ ಮುಚ್ಚಳದ ಮೂಲಕ ಹೋಗುತ್ತದೆ. ಅದಿಲ್ಲದಿದ್ದರೆ ತೋಳು ಕೂದಲೆಳೆಯಷ್ಟು ವಾಲುತ್ತದೆ, ಹೆಡ್ ಟ್ರ್ಯಾಕ್ (ಡೇಟಾ ಇರುವ ವೃತ್ತ) ಹಿಡಿಯುವುದಿಲ್ಲ. ಮುಚ್ಚಳ ಹಾಕಿ ಆ ಸ್ಕ್ರೂ ಬಿಗಿ ಮಾಡಿದ ಮೇಲೆ ಅದೇ ಡ್ರೈವ್ ದಿನಗಟ್ಟಲೆ ಓಡಿತು. ಮನೆಯಲ್ಲಿ ತೆರೆದ ಎಷ್ಟೋ ಡ್ರೈವ್ ಇದೊಂದು ಸ್ಕ್ರೂನಿಂದಲೇ 'ಸತ್ತಿವೆ' ಅನ್ನಿಸಿಕೊಂಡಿವೆ ಎಂದು ನನ್ನ ಗಟ್ಟಿ ಅನುಮಾನ. ಕೆಟ್ಟ ಡ್ರೈವನ್ನು ಫ್ರೀಜರಿನಲ್ಲಿಟ್ಟರೆ ಓದುತ್ತದೆ ಎಂಬ ಸಲಹೆಯನ್ನೂ ಒಂದು ಗುಜರಿ ಡ್ರೈವಿನ ಮೇಲೆ ನೋಡಿದೆ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ಪ್ಲ್ಯಾಟರ್ ಮೇಲೆ ಮಂಜು ಕಟ್ಟಿತ್ತು. ಹೆಡ್ ಹಾರುವುದು ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ನೀರಹನಿ ಅದರ ಮುಂದೆ ಗುಡ್ಡ. ಆ ಮಾತು ಅಲ್ಲಿಗೆ ಬಿಡಿ.

ಅಸಲಿ ಡ್ರೈವ್ ತೆರೆದಾಗ ಅಂದುಕೊಂಡ ಹಾಗೇ ಇತ್ತು, ಹೆಡ್‌ಗಳು ಪ್ಲ್ಯಾಟರಿನ ನಡುಭಾಗದಲ್ಲಿ ಅಂಟಿದ್ದವು. ಟಾರ್ಚ್ ಓರೆಯಾಗಿ ಹಿಡಿದರೆ ಮೇಲ್ಮೈಯಲ್ಲಿ ಒಂದು ಸಣ್ಣ ಗುರುತು, ಉಂಗುರದ ಗೀರು ಇಲ್ಲ. ಗೀರು ಕಂಡಿದ್ದರೆ ಅಲ್ಲೇ ಮುಚ್ಚಿ ಲ್ಯಾಬಿಗೆ ಕಳಿಸುತ್ತಿದ್ದೆ. ಬಿಡಿಸಿ, ರ‍್ಯಾಂಪಿಗೆ ಏರಿಸಿ, ಮುಚ್ಚಳ ಹಾಕುವುದೆಲ್ಲ ಕಾಲು ಗಂಟೆಯೊಳಗೆ ಆಯಿತು.

ಯುಎಸ್‌ಬಿ ಬ್ರಿಜ್ (ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಸರ್ಕ್ಯೂಟ್) ಬೇರೆ ಬೋರ್ಡಿನಲ್ಲಿದ್ದದ್ದು ಅದೃಷ್ಟ, ಕಳಚಿ ನೇರ ಸಾಟಾಗೆ (ಕಂಪ್ಯೂಟರ್ ಒಳಗಿನ ಡ್ರೈವ್ ಕನೆಕ್ಟರಿಗೆ) ಹಾಕಿದೆ. ಯುಎಸ್‌ಬಿ ಕನೆಕ್ಟರ್ ಡ್ರೈವಿನ ಬೋರ್ಡಿನಲ್ಲೇ ಇದ್ದರೆ ಬೋರ್ಡ್ ಬದಲಿಸಿ ಹಳೆ ಬೋರ್ಡಿನ ರೋಮ್ ಚಿಪ್ (ಆ ಡ್ರೈವಿಗೇ ಹೊಂದಿಸಿದ ಮಾಹಿತಿ ಇರುವುದು) ವರ್ಗಾಯಿಸಬೇಕು. ಕೆಲವು ಮಾಡೆಲ್‌ಗಳಲ್ಲಿ ಎನ್‌ಕ್ರಿಪ್ಶನ್ನಿನ ಕಾಟವೂ ಸೇರುತ್ತದೆ, ಅದರದೇ ಬೇರೆ ಪುರಾಣ.

ನಿಜವಾದ ಕೆಲಸ ಓದುವ ಕ್ರಮದಲ್ಲಿತ್ತು. ವಿಂಡೋಸಿಗೆ ಸೋಕಿಸಲಿಲ್ಲ. ಲಿನಕ್ಸಿನಲ್ಲಿ ಆಟೋಮೌಂಟ್ (ಡ್ರೈವನ್ನು ತಾನಾಗಿ ತೆರೆಯುವುದು) ತೆಗೆದು ಡಿಡಿರೆಸ್ಕ್ಯೂ (ಕೆಟ್ಟ ಡ್ರೈವಿನ ಪ್ರತಿ ತೆಗೆಯುವ ತಂತ್ರಾಂಶ), ಮ್ಯಾಪ್‌ಫೈಲ್ (ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬ ದಾಖಲೆ) ಬೇರೆ ಡಿಸ್ಕಿನಲ್ಲಿ. ಮೊದಲು ಆರಂಭದ ಐದು ಜಿಬಿ ಮಾತ್ರ, ಏಕೆಂದರೆ ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಎಂಎಫ್‌ಟಿ (ಯಾವ ಫೈಲ್ ಎಲ್ಲಿದೆ ಎಂಬ ಸೂಚಿ) ಸಾಮಾನ್ಯವಾಗಿ 3 ಜಿಬಿ ಆಸುಪಾಸು ಶುರುವಾಗುತ್ತದೆ. ಅದು ಸಿಕ್ಕಿದ ಮೇಲೆ ಡಿಡಿಆರ್‌ಯುಟಿಲಿಟಿಯಿಂದ ಬಳಕೆಯಲ್ಲಿರುವ ಕ್ಲಸ್ಟರ್‌ಗಳ ಡೊಮೇನ್ ಮ್ಯಾಪ್, ಅಂದರೆ ಇಷ್ಟನ್ನೇ ಓದು ಎಂಬ ನಕ್ಷೆ, ಮಾಡಿದೆ. ಓದಬೇಕಾದದ್ದು 600 ಜಿಬಿಯ ಸುಮಾರಿಗೆ ಇಳಿಯಿತು. ಖಾಲಿ ಜಾಗಕ್ಕಾಗಿ ಹೆಡ್ ಸವೆಸುವ ಮಾತೇ ಇಲ್ಲ.

ಮೊದಲ ಸುತ್ತಿಗೆ ಕನಿಷ್ಠ ಓದುವ ವೇಗ ಕಟ್ಟಿಬಿಟ್ಟೆ, ನಿಧಾನವಾದ ಕಡೆ ನಿಲ್ಲದೆ ಹಾರಲಿ ಎಂದು. ಮ್ಯಾಪ್ ತೆರೆದು ನೋಡಿದರೆ ಪಟ್ಟಿ ಪಟ್ಟಿ. ಒಂದು ಪಟ್ಟಿ ಸೆಕೆಂಡಿಗೆ ನೂರು ಎಂಬಿ ವೇಗದಲ್ಲಿ ಬಂದಿದೆ, ಮುಂದಿನದು ಬಿಟ್ಟುಹೋಗಿದೆ. ಡೇಟಾ ಎರಡು ಹೆಡ್ಡಿಗೂ ಸರದಿಯಂತೆ ಹಂಚಿರುತ್ತದೆ, ಅಂದರೆ ಒಂದು ಹೆಡ್ ಗಟ್ಟಿ, ಇನ್ನೊಂದು ಸೋತದ್ದು. ಗಟ್ಟಿ ಹೆಡ್ಡಿನ ಪಾಲಿನ ಅರ್ಧ ಡೇಟಾ ಒಂದೇ ದಿನದಲ್ಲಿ ಬಂತು, ಅದು ಸಂಪೂರ್ಣ ಕೈಸೇರುವವರೆಗೆ ಸೋತ ಹೆಡ್ಡಿನ ಕಡೆ ತಿರುಗಿ ನೋಡಲಿಲ್ಲ.

ಸೋತ ಹೆಡ್ಡಿಗೆ ವಾರಗಳು ಹಿಡಿದವು. ಸ್ಕ್ರೇಪಿಂಗ್ (ಕೆಟ್ಟ ಜಾಗವನ್ನು ಚೂರು ಚೂರಾಗಿ ಕೆದಕುವುದು) ಬೇಡ, ರೀಟ್ರೈ (ಮರುಪ್ರಯತ್ನ) ಸೊನ್ನೆ, ಟೈಮ್‌ಔಟ್ ಚಿಕ್ಕದು. ಡಿಡಿರೆಸ್ಕ್ಯೂ ನಿಂತ ಕೂಡಲೇ ಒಂದು ಸ್ಕ್ರಿಪ್ಟ್ ರಿಲೇ (ತಾನಾಗಿ ಆಡುವ ಸ್ವಿಚ್) ಮೂಲಕ ಪವರ್ ಕಡಿದು, ಡ್ರೈವ್ ತಣಿಸಿ, ಮತ್ತೆ ಶುರು ಮಾಡುತ್ತಿತ್ತು. ತಣ್ಣಗಿದ್ದಾಗ ಚೆನ್ನಾಗಿ ಓದುತ್ತಿತ್ತು, 40 ಡಿಗ್ರಿ ದಾಟಿದರೆ ಮುಷ್ಕರ. ತಣಿಸುವ ಹೊತ್ತು ಎಷ್ಟು, ಎಷ್ಟು ಜಿಬಿಗೊಮ್ಮೆ ಎಂಬ ಲೆಕ್ಕ ನನ್ನ ಬಳಿಯೇ ಇರಲಿ, ಹೇಗೂ ಡ್ರೈವಿನಿಂದ ಡ್ರೈವಿಗೆ ಬದಲಾಗುತ್ತದೆ. ಮುಂದಿನಿಂದ ಬಾರದ ಜಾಗ ಹಿಂದಿನಿಂದ ಓದಿದಾಗ ಹತ್ತಿಪ್ಪತ್ತು ಜಿಬಿ ಕೊಟ್ಟಿತು.

ಕೊನೆಗೆ ಇಮೇಜಿನಲ್ಲಿ, ಡಿಡಿರೆಸ್ಕ್ಯೂವಿನ ಫಿಲ್ ಮೋಡಿನಿಂದ ಓದಲಾಗದ ಸೆಕ್ಟರ್‌ಗಳಿಗೆಲ್ಲ ಒಂದು ಗುರುತಿನ ಪದ ತುಂಬಿ, ಇಮೇಜಿನ ಪ್ರತಿ ಫೈಲಿನಲ್ಲೂ ಆ ಪದ ಹುಡುಕಿದೆ. ಯಾವ ಫೈಲ್ ಹಾಳು ಎಂಬ ಪಟ್ಟಿ ತಾನಾಗಿ ಸಿಕ್ಕಿತು. ಬಹುಪಾಲು ವೇವ್ (ಕುಗ್ಗಿಸದ ದನಿ) ಫೈಲ್‌ಗಳಾದ್ದರಿಂದ ತೂತು ಬಿದ್ದ ಕಡೆ ಒಂದು ಟಕ್ ಸದ್ದಷ್ಟೇ, ಆಚೀಚೆಯ ಹಾಡು ಉಳಿದಿದೆ. ಜಿಪ್ ಆಗಿದ್ದ ಒಂದಷ್ಟು ಮಾತ್ರ ಬಿಚ್ಚಲಾಗಲಿಲ್ಲ. ಅವುಗಳಿಗಾಗಿ ಡೋನರಿನ ಹೆಡ್ ಹಾಕಿ ನೋಡೋಣವೆಂದು ಗೆಳೆಯ ಕೇಳುತ್ತಿದ್ದಾನೆ. ಅದಕ್ಕೆ ಮೊದಲು ಹೆಡ್ ಬದಲಿಸುವುದಕ್ಕೇ ಇನ್ನೊಂದಿಷ್ಟು ಗುಜರಿ ಡ್ರೈವ್ ತರಬೇಕು.