ಕಾರಿಲ್ಲದೆ ಮೂರು ಚಳಿಗಾಲ: ನನ್ನ ಸೈಕಲ್ ಗಾಡಿಯ ಲೆಕ್ಕ

"ಇಬ್ಬರು ಚಿಕ್ಕ ಮಕ್ಕಳು, ಕಾರಿಲ್ಲ. ಜನವರಿ ಬರಲಿ ಬಿಡಿ, ನೋಡೋಣ." 2022ರ ದೀಪಾವಳಿ ಊಟಕ್ಕೆ ಸೇರಿದ್ದಾಗ ಸ್ನೇಹಿತರೊಬ್ಬರು ಹೀಗಂದು ನಕ್ಕಿದ್ದರು. ಜರ್ಮನಿಯ ಎರ್ಲಾಂಗೆನ್ ಊರಿನ ನಮ್ಮ ಕನ್ನಡ ಗುಂಪಿನಲ್ಲಿ ಆಗ ಮಕ್ಕಳಿದ್ದೂ ಕಾರಿಲ್ಲದವರು ನಾವೊಬ್ಬರೇ. ಮೂರು ಜನವರಿ ಬಂದು ಹೋದವು. ಮಕ್ಕಳನ್ನು ಕಿಟಾಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಸ್ಸಲ್ಲಿ ಕರೆದೊಯ್ದದ್ದು ಎಲ್ಲ ಸೇರಿ ಒಂಬತ್ತೋ ಹತ್ತೋ ದಿನ. ಮಿಕ್ಕಿದ್ದೆಲ್ಲ ಸೈಕಲ್ ಹಿಂದೆ ಮಕ್ಕಳು ಕೂರುವ ಗಾಡಿ (ಟ್ರೇಲರ್) ಕಟ್ಟಿಕೊಂಡೇ. (ಹಾಸನದಲ್ಲಿರುವ ಅಮ್ಮನಿಗೆ ಕಿಟಾ ಇವತ್ತಿಗೂ 'ಕೀಟ'. "ಮಕ್ಕಳನ್ನ ಕೀಟಕ್ಕೆ ಬಿಟ್ಟು ಬಂದ್ಯೇನೋ?")

ಕಾರು ಬೇಡ ಅಂತ ವ್ರತ ಏನೂ ಹಿಡಿದಿರಲಿಲ್ಲ. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ಆರು ತಿಂಗಳು ನಡೆಯುತ್ತದೆ. ಆ ಆರು ತಿಂಗಳು ಬಾಡಿಗೆ ಮನೆ ಹುಡುಕುವುದರಲ್ಲೇ ಹೋಯಿತು. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಡ್ರೈವಿಂಗ್ ಶಾಲೆಯಲ್ಲಿ ಕೇಳಿದರೆ ಎಲ್ಲ ಸೇರಿ 2,500 ಯೂರೊ ಹತ್ತಿರ ಅಂದರು. ಕಾರಿನ ದುಡ್ಡು ಬೇರೆ. ಮನೆಯಿಂದ ಕಿಟಾಗೆ ಮೂರೂವರೆ ಕಿಲೋಮೀಟರ್, ಅಲ್ಲಿಂದ ಆಫೀಸಿಗೆ ಇನ್ನು ನಾಲ್ಕು. ಊರು ಅಂಗೈ ಥರ ಸಪಾಟು. ಎಪ್ಪತ್ತರ ದಶಕದಲ್ಲೇ ಹಾಲ್‌ವೆಗ್ ಅನ್ನೋ ಮೇಯರ್ ಸೈಕಲ್ ದಾರಿಗಳಿಗೆ ಹಟ ಹಿಡಿದಿದ್ದರ ಫಲ ನಾವು ಈಗ ತಿನ್ನುತ್ತಿದ್ದೇವೆ.

ಮೊದಲ ಪೆಟ್ಟು: ಮುಂದೊಂದು ಹಿಂದೊಂದು ಸೀಟು. ಹೆಚ್ಚುಕಡಿಮೆ 110 ಯೂರೊ. ಮಗಳಿಗೆ ಆಗ ನಾಲ್ಕು, ಮಗನಿಗೆ ಒಂದೂವರೆ. ಎರಡನೇ ವಾರ ಕಿಟಾ ಗೇಟಿನ ಹತ್ತಿರ ಮಗಳನ್ನು ಇಳಿಸುತ್ತಿದ್ದೆ, ಸ್ಟ್ಯಾಂಡ್ ಜಾರಿ ಮಗನ ಸಮೇತ ಸೈಕಲ್ ವಾಲಿತು. ಮಂಡಿಯಲ್ಲಿ ತಡೆದೆ. ಏನೂ ಆಗಲಿಲ್ಲ, ಆದರೆ ನೋಡಿದವರು ನೋಡಿದರು. ಅವತ್ತು ಸಂಜೆಯೇ ಸೀಟುಗಳನ್ನು ಮಾರಾಟಕ್ಕೆ ಹಾಕಿದೆ. ಐವತ್ತು ಬಂತು.

ಎರಡನೇ ಪೆಟ್ಟು ನನ್ನ ಜಿಪುಣತನ. 90 ಯೂರೊಗೆ ಹಳೇ ಗಾಡಿ ತಂದೆ. ಸಸ್ಪೆನ್ಷನ್ ಇಲ್ಲ. ಕಲ್ಲು ಹಾಸಿದ ಬೀದಿಯಲ್ಲಿ ಮಗಳು ವಾಂತಿ ಮಾಡಿಕೊಂಡಳು. ಹೊಲಿಗೆಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಒಂದು ತಿಂಗಳು ನೆಲಮಾಳಿಗೆಯಲ್ಲಿಟ್ಟೆ, ಬೂಷ್ಟು ವಾಸನೆ ಹತ್ತಿತು. ವಿನೆಗರ್, ಸೋಡಾ, ಬಿಸಿಲು ಎಲ್ಲ ಆಯಿತು. ವಾಸನೆ ಹೋಗಲಿಲ್ಲ. "ರೀ, ಇದನ್ನ ಎಸೀರಿ, ಇಲ್ಲಾ ನೀವೇ ಒಳಗೆ ಕೂತ್ಕೊಳ್ಳಿ" ಅಂದಳು ಹೆಂಡತಿ.

2023ರಲ್ಲಿ ಹೆಸರಿರುವ ಕಂಪನಿಯ ಗಾಡಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 310 ಯೂರೊ. ಆಗ ಒಂದು ಮಗುವಿಗೆ ಸರ್ಕಾರ ಕೊಡುವ ಭತ್ಯೆ, ಕಿಂಡರ್‌ಗೆಲ್ಡ್, ತಿಂಗಳಿಗೆ 250, ಅದಕ್ಕಿಂತ ಸ್ವಲ್ಪ ಜಾಸ್ತಿ. ಹೊಸದಾದರೆ ಸಾವಿರ ದಾಟುತ್ತದೆ. ಮಾರ್ಚಿನಲ್ಲಿ ಹುಡುಕಬೇಡಿ, ಊರೆಲ್ಲ ಆಗಲೇ ಹುಡುಕುತ್ತದೆ. ನವೆಂಬರಿನಲ್ಲಿ ಜನ ಜಾಗ ಖಾಲಿ ಮಾಡುತ್ತಾರೆ. ಹಳೇ ಸಾಮಾನು ಮಾರುವ ಕ್ಲೈನ್‌ಆನ್‌ತ್ಸೈಗನ್ ವೆಬ್‌ಸೈಟಿನಲ್ಲಿ ನಾನು ಯಾವ ಪದ ಹಾಕಿ ಹುಡುಕಿದೆ ಅಂತ ಮಾತ್ರ ಹೇಳಲ್ಲ. ನನಗೇ ಇನ್ನೊಂದು ಬೇಕಾಗಬಹುದು.

ಗಾಡಿ ಬಂತು, ಸೈಕಲ್ಲಿಗೆ ಕೂರಲಿಲ್ಲ. ನನ್ನ ಆಕ್ಸಲ್ ಬೇರೆ ಥರದ್ದು. 15 ಯೂರೊ ಅಡಾಪ್ಟರ್ ತಪ್ಪು, ಆಮೇಲೆ ತರಿಸಿದ್ದಕ್ಕೆ ಐವತ್ತು. ಗಾಡಿ ನೋಡಲು ಹೋಗುವ ಮೊದಲು ನಿಮ್ಮ ಹಿಂಚಕ್ರದ ಆಕ್ಸಲ್ ಫೋಟೊ ಜೇಬಲ್ಲಿರಲಿ.

ನಿಜವಾದ ಕಷ್ಟ ಚಳಿ. ಎಳೆಯುವವನು ಬೆವರುತ್ತಾನೆ, ಕೂತವರು ಮರಗಟ್ಟುತ್ತಾರೆ. ಮೈನಸ್ ಆರೋ ಏಳೋ ಇದ್ದ ಒಂದು ಬೆಳಿಗ್ಗೆ ಜಾಕೆಟ್ ಬಿಚ್ಚಿ ಹಾಯಾಗಿ ತುಳಿದೆ. ಇಳಿಸುವಾಗ ನೋಡಿದರೆ ಮಗನ ಕಾಲ್ಬೆರಳು ಕೆಂಪು, ಅಳುವುದಕ್ಕೂ ಶಕ್ತಿ ಇಲ್ಲ. ಕಿಟಾದ ಟೀಚರ್ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಬಿಸಿನೀರಿನ ರಬ್ಬರ್ ಚೀಲ ಇಟ್ಟೆ, ಮೂರನೇ ದಿನ ಮುಚ್ಚಳ ಸಡಿಲಾಗಿ ಸೀಟೆಲ್ಲ ಒದ್ದೆ. ಪುಣ್ಯಕ್ಕೆ ನೀರು ಆರಿತ್ತು. ಮೇಲೆ ಮೇಲೆ ಹೊದಿಸಿದೆ, ಉಪಯೋಗವಿಲ್ಲ. ಗಾಡಿಯ ತಳ ಬರೀ ಬಟ್ಟೆ, ಚಳಿ ಬರುವುದೇ ಕೆಳಗಿನಿಂದ. ಇದು ಹೊಳೆಯಲು ನನಗೆ ಒಂದಿಡೀ ಚಳಿಗಾಲ ಬೇಕಾಯಿತು. ಹಿಂದೊಮ್ಮೆ ಮಾವ ಬರುವಾಗ ಚಳ್ಳಕೆರೆಯ ಕುರಿ ಕಂಬಳಿ ತಂದಿದ್ದರು. ಸುಮ್ನೆ ಬೀರುವಿನಲ್ಲಿತ್ತು. ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ, ಕಾಲಡಿಗೆ ಹಾಸಿದೆ. ಚುಚ್ಚುತ್ತದೆ ಅಂತ ಮೇಲೊಂದು ಹಳೇ ಕಾಟನ್ ಸೀರೆ. ಅಲ್ಲಿಗೆ ಮುಗಿಯಿತು. ಇಲ್ಲಿನವರು ಇದಕ್ಕೇ ಅರವತ್ತು ಎಪ್ಪತ್ತು ಯೂರೊ ಕೊಟ್ಟು ಕುರಿಚರ್ಮ ತರುತ್ತಾರೆ. ಕಂಬಳಿ ಒದ್ದೆಯಾದರೂ ಬೆಚ್ಚಗೇ ಇರುತ್ತದೆ, ಕುರಿ ಕಾಯುವವರಿಗೆ ಗೊತ್ತಿಲ್ಲದ್ದೇನಲ್ಲ.

ಇನ್ನೊಂದು ತೊಂದರೆ, ಮಳೆ ಕವರ್ ಒಳಗೆ ಉಸಿರಿನ ಮಂಜು. ಮಕ್ಕಳಿಗೆ ಹೊರಗೆ ಕಾಣದಿದ್ದರೆ ಜಗಳ ಶುರು. ಅದಕ್ಕೂ ಉಪಾಯ ಇದೆ, ಒಂದು ಪೈಸೆ ಖರ್ಚಿಲ್ಲ. ಮನೆಗೆ ಕಾಫಿಗೆ ಬಂದವರಿಗೆ ತೋರಿಸುತ್ತೇನೆ.

ಬಿದ್ದಿದ್ದೂ ಉಂಟು. ಎರಡನೇ ಡಿಸೆಂಬರ್, ಎಂಟು ಗಂಟೆಗೂ ಸರಿಯಾಗಿ ಬೆಳಕಿಲ್ಲ. ರೆಗ್ನಿಟ್ಸ್ ನದಿ ಬಯಲಿನ ದಾರಿಯಲ್ಲಿ ಕಣ್ಣಿಗೆ ಕಾಣದ ಐಸ್. ನಾನೊಂದು ಕಡೆ, ಸೈಕಲ್ಲೊಂದು ಕಡೆ. ಗಾಡಿ ನೆಟ್ಟಗೆ ನಿಂತಿತ್ತು. ಅದರ ಕೊಂಡಿ ತಿರುಗುವಂಥದ್ದು, ಸೈಕಲ್ ಮಲಗಿದರೂ ಗಾಡಿ ಮಲಗುವುದಿಲ್ಲ. ಒಳಗಿಂದ ಮಗಳು, "ಅಪ್ಪಾ, ಇನ್ನೊಂದ್ಸಲ!" ನನ್ನ ಮೊಣಕೈ ಮೂರು ವಾರ ನೋವಿತ್ತು. ಆ ವಾರವೇ ಮೊಳೆ ಟೈರು ಹಾಕಿಸಿದೆ, ಎರಡಕ್ಕೂ ಸೇರಿ 85 ಇರಬೇಕು. ಕಾರಿಗೆ ಇಲ್ಲಿ ಮೊಳೆ ಟೈರು ನಿಷೇಧ, ಸೈಕಲ್ಲಿಗೆ ಇಲ್ಲ. ಆದರೂ ಮಳೆ ಬಿದ್ದಂತೆಯೇ ಐಸಾಗುವ ದಿನ ಶೂರತನ ಬೇಡ, ಬಸ್ ಹತ್ತಿ. ನನ್ನ ಆ ಒಂಬತ್ತು ಹತ್ತು ದಿನ ಅವೇ.

ಮಧ್ಯೆ ಒಂದು ಹುಚ್ಚು. ದಾರಿಯಲ್ಲಿ ಮಕ್ಕಳಿಗೆ ಕನ್ನಡ ಕಥೆ ಹೇಳಬೇಕು ಅಂತ ಆಸೆ, ನನ್ನ ಮಾತು ಹಿಂದಕ್ಕೆ ಕೇಳಿಸಲ್ಲ. ವಾಕಿಟಾಕಿ ತಂದೆ. ಮಗಳು ಮೂರೂವರೆ ಕಿಲೋಮೀಟರೂ ಪೀಂ ಪೀಂ ಒತ್ತಿದಳು. ಆಮೇಲೆ ಅಮ್ಮನಿಂದ ಫೋನಲ್ಲಿ ಕಥೆ ರೆಕಾರ್ಡ್ ಮಾಡಿಸಿ ಸಣ್ಣ ಸ್ಪೀಕರ್ ಇಟ್ಟೆ. ಅದು ಹಿಡಿಯಿತು. ಈಗ ಮಗ "ನಾ ಓಗಲ್ಲ" ಅನ್ನುತ್ತಾನೆ, ಥೇಟ್ ನಮ್ಮೂರು.

ಇನ್ನೊಂದು ಪ್ರಯೋಗ ಮಾಡಬಾರದಿತ್ತು. ಭಾನುವಾರ ಅಂಗಡಿ ಇಲ್ಲ ಅಂತ ಶನಿವಾರ ಇಬ್ಬರು ಮಕ್ಕಳ ಜೊತೆ ಹತ್ತು ಕೆಜಿ ಅಕ್ಕಿ, ಹಾಲು, ಆಲೂಗೆಡ್ಡೆ ತುಂಬಿದೆ. ಸೇತುವೆ ಇಳಿಯುವಾಗ ಬ್ರೇಕ್ ಹಿಡಿದರೆ ಗಾಡಿ ಹಿಂದಿನಿಂದ ತಳ್ಳುತ್ತಿದೆ! ಮಕ್ಕಳಿದ್ದರೆ ಅಕ್ಕಿ ಇಲ್ಲ, ಅಕ್ಕಿ ಇದ್ದರೆ ಮಕ್ಕಳಿಲ್ಲ.

ಸೀಟು, ಎರಡು ಗಾಡಿ, ಅಡಾಪ್ಟರ್, ಟೈರು, ಬ್ರೇಕ್ ಪ್ಯಾಡು, ಸರ್ವಿಸ್ ಎಲ್ಲ ಸೇರಿ ಮೂರು ವರ್ಷಕ್ಕೆ 900 ಯೂರೊ ಆಚೀಚೆ. ಬೇಸಿಗೆಯಲ್ಲಿ ಮ್ಯೋರೆನ್‌ಡಾರ್ಫ್‌ನ ಹಳೇ ನೀರು ಚಕ್ರಗಳವರೆಗೂ ಇದರಲ್ಲೇ ಹೋಗಿ ಬಂದಿದ್ದೇವೆ. ನದಿ ನೀರನ್ನು ಹೊಲಕ್ಕೆ ಎತ್ತುವ ಮರದ ಚಕ್ರ ನೋಡಿ ಮಾವ ಅರ್ಧ ಗಂಟೆ ಅಲ್ಲೇ ನಿಂತರು.

ಈ ವರ್ಷ ಮಗಳಿಗೆ ಏಳು ತುಂಬಿತು. ಇಲ್ಲಿ ಗಾಡಿಯಲ್ಲಿ ಮಕ್ಕಳನ್ನು ಕೂರಿಸುವುದು ಏಳು ತುಂಬುವವರೆಗೆ ಮಾತ್ರ. ಈಗ ಅವಳು ಫುಟ್‌ಪಾತ್ ಮೇಲೆ ತನ್ನದೇ ಸೈಕಲ್. ಮಗನೂ ಇಳಿಯಲು ಹಟ ಮಾಡುತ್ತಿದ್ದಾನೆ. ಹೋದ ವಾರ ದೀಪಾವಳಿಯ ಆ ಸ್ನೇಹಿತರು ಫೋನ್ ಮಾಡಿದ್ದರು. ಅವರಿಗೆ ಎರಡನೇ ಮಗು ಆಗಿದೆ. "ಗಾಡಿ ಕೊಡ್ತೀರಾ? 250?" ಅಂದರು. 280 ಅಂದೆ. ಒಪ್ಪಿದರು.

"ಆ ಕಂಬಳಿನೂ ಸೇರಿ ಅಲ್ವಾ?"

ಇಲ್ಲ ಅಂದೆ.